ಹಳೆಯ ಇಟಲಿ ಗಾಡಿ, ಗಣೇಶಗುಡಿಯ ಮಳೆ

ಕರ್ನಾಟಕದ ರಸ್ತೆಗಳಲ್ಲಿ ಇಟಲಿಯ ಹಳೆಯ ದ್ವಿಚಕ್ರ ವಾಹನವೆಂದರೆ ಬಹುಪಾಲು ಸ್ಕೂಟರೇ. ಡುಕಾಟಿ, ಮೋಟೊ ಗುಝಿ, ಲವೆರ್ಡಾದಂಥ ಮೋಟರ್‌ಸೈಕಲ್ಲುಗಳಿಗೆ ಆಮದು ನಿರ್ಬಂಧದ ದಶಕಗಳಲ್ಲಿ ಇಲ್ಲಿಗೆ ಬರುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ್ದು ಝೆಕ್ ಮೂಲದ ಗಾಡಿಯನ್ನು, ಮದರಾಸಿನ ಎನ್‌ಫೀಲ್ಡ್ ತಯಾರಿಸಿದ್ದು ಇಂಗ್ಲೆಂಡಿನದನ್ನು. ಇಟಲಿ ಇಲ್ಲಿಗೆ ಬಂದದ್ದು ವೆಸ್ಪಾ ಮತ್ತು ಲ್ಯಾಂಬ್ರೆಟಾ ಆಗಿ. ಮುಂದೆ ಹೆಸರುಗಳು ಬದಲಾಗುತ್ತ ಹೋದವು: ಬಜಾಜ್ 150, ಚೇತಕ್, ಲ್ಯಾಂಬಿ, ವಿಜಯ್ ಸೂಪರ್, ಎಲ್‌ಎಂಎಲ್ ವೆಸ್ಪಾ. ಒಳಗಿನ ಯಂತ್ರದ ಮೂಲ ಮಾತ್ರ ಪೊಂಟೆಡೆರಾ ಇಲ್ಲವೆ ಮಿಲಾನ್. ಹಳ್ಳಿಹಳ್ಳಿಗೂ ಹೋದ ಲೂನಾ ಕೂಡ ಪಿಯಾಜಿಯೊ ಕಂಪನಿಯ ಚಾವ್ ಎಂಬ ಮೊಪೆಡ್ಡಿನ ಸಂತಾನವೇ.

ಈ ಗಾಡಿಗಳನ್ನು ಏನು ಮಾಡಬೇಕೆಂಬ ಬಗ್ಗೆ ಎರಡು ಅಭಿಪ್ರಾಯಗಳು ಬಲವಾಗಿವೆ. ಹೊಗೆ ಉಗುಳುವ ಹಳೆಯ ಕಬ್ಬಿಣ, ಗುಜರಿಗೆ ಹೋಗಲಿ ಎನ್ನುವುದು ಒಂದು. ಇದು ಪರಂಪರೆ, ಬಣ್ಣ ಹೊಡೆಸಿ ಹೊಳಪು ಕೊಟ್ಟು ಜೋಪಾನವಾಗಿ ನಿಲ್ಲಿಸಬೇಕು ಎನ್ನುವುದು ಇನ್ನೊಂದು. ಎರಡನೆಯದು ಹೆಚ್ಚು ಪ್ರೀತಿಯ ಮಾತಾಗಿ ಕೇಳಿಸುತ್ತದೆ. ಆದರೆ ಗಾಡಿಯ ಮಟ್ಟಿಗೆ ಎರಡರ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡು ಸ್ಟ್ರೋಕಿನ ಈ ಯಂತ್ರಗಳು ನಿಂತಲ್ಲೇ ಕೆಡುವಂಥವು. ಅವನ್ನು ಉಳಿಸುವುದು ಬಳಕೆ. ಬಳಕೆ ಸಾಧ್ಯವಾಗುವುದು ಬಿಚ್ಚಿ ಕೂಡಿಸಬಲ್ಲ ಮೇಸ್ತ್ರಿ ಹತ್ತಿರದಲ್ಲಿದ್ದರೆ. ಉತ್ತರ ಕನ್ನಡದ ಗಣೇಶಗುಡಿಯಂಥ ಊರಿನಲ್ಲಿ, ಮಳೆ, ಘಟ್ಟ, ದೂರ ಮೂರೂ ಸೇರಿರುವ ಕಡೆ, ಈ ಮಾತಿನ ಸತ್ಯ ಬೇಗ ಗೊತ್ತಾಗುತ್ತದೆ.

ಗಣೇಶಗುಡಿ ಜೋಯಿಡಾ ತಾಲೂಕಿನಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಸೂಪಾ ಅಣೆಕಟ್ಟಿನ ಬುಡದಲ್ಲಿದೆ. 101 ಮೀಟರ್ ಎತ್ತರದ ಈ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿ ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಊರಿನ ಗುರುತು ಕರ್ನಾಟಕ ವಿದ್ಯುತ್ ನಿಗಮದ ವಸತಿ ಕಾಲೊನಿ. ಈಚೆಗೆ ಕಾಳಿಯ ಮೇಲಿನ ರ‍್ಯಾಫ್ಟಿಂಗ್. ಸುತ್ತಲಿನದು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ, 2015ರಿಂದ ಕಾಳಿಯ ಹೆಸರು ಹೊತ್ತ ಅಣಶಿ–ದಾಂಡೇಲಿ ಕಾಡು. ಪೂರ್ವಕ್ಕೆ ದಾಂಡೇಲಿ, ಹಳಿಯಾಳ, ಧಾರವಾಡ. ದಕ್ಷಿಣಕ್ಕೆ ಜೋಯಿಡಾ, ಕುಂಬಾರವಾಡಾ, ಅಣಶಿ ದಾಟಿ ಘಟ್ಟ ಇಳಿದರೆ ಕದ್ರಾ, ಕಾರವಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದೇ ಕಷ್ಟ. ಅಂಥ ಗಾಳಿಯಲ್ಲಿ ಐವತ್ತು ವರ್ಷದ ತಗಡು ಮತ್ತು ತಂತಿ ಹೇಗಿರಬೇಕು!

ಈ ಸ್ಕೂಟರುಗಳು ಯಾವ ಕಷ್ಟಕ್ಕೆ ಉತ್ತರವಾಗಿ ಹುಟ್ಟಿದವು ಎಂಬುದನ್ನು ತಿಳಿದರೆ ಅವುಗಳ ಆರೈಕೆ ಅರ್ಧ ತಿಳಿದಂತೆ. ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯ ರಸ್ತೆಗಳು ಕಿತ್ತುಹೋಗಿದ್ದವು, ಜನರ ಕೈಯಲ್ಲಿ ಹಣವಿರಲಿಲ್ಲ, ವಿಮಾನ ತಯಾರಿಸುತ್ತಿದ್ದ ಪಿಯಾಜಿಯೊ ಕಾರ್ಖಾನೆಗೆ ಕೆಲಸವಿರಲಿಲ್ಲ. ಎನ್ರಿಕೊ ಪಿಯಾಜಿಯೊ ಅಗ್ಗದ ವಾಹನವೊಂದನ್ನು ರೂಪಿಸಲು ಹೇಳಿದ್ದು ಹೆಲಿಕಾಪ್ಟರ್ ಎಂಜಿನಿಯರ್ ಕೊರಾಡಿನೊ ದಸ್ಕಾನಿಯೊಗೆ. ಮೋಟರ್‌ಸೈಕಲ್ ಕಂಡರೆ ಆತನಿಗೆ ಆಗುತ್ತಿರಲಿಲ್ಲ: ಚೈನಿನ ಗ್ರೀಸು ಬಟ್ಟೆಗೆ ಮೆತ್ತುತ್ತದೆ, ಪಂಕ್ಚರಾದರೆ ಚಕ್ರ ಬಿಚ್ಚುವುದು ಕಷ್ಟ, ಕಾಲೆತ್ತಿ ಏರಬೇಕು. 1946ರ ವೆಸ್ಪಾ ಈ ತಕರಾರುಗಳಿಗೆಲ್ಲ ಉತ್ತರ ಕೊಟ್ಟಿತು. ಚಾಸಿಸ್ ಎಂಬ ಬೇರೆ ಅಸ್ಥಿಪಂಜರವಿಲ್ಲ. ಒತ್ತಿ ಬೆಸೆದ ತಗಡಿನ ಮೈಯೇ ಭಾರ ಹೊರುತ್ತದೆ. ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲಿ, ನೇರ ಗೇರಿನ ಮೂಲಕ ಚಕ್ರಕ್ಕೆ ಜೋಡಣೆ, ಚೈನ್ ಇಲ್ಲ. ಮುಂದಿನ ಚಕ್ರಕ್ಕೆ ಒಂದೇ ಬದಿಯ ಆಧಾರ. ವಿಮಾನದ ಚಕ್ರದಂತೆ ನಾಲ್ಕೈದು ನಟ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಹಿಂದಕ್ಕೂ ಮುಂದಕ್ಕೂ ಸ್ಟೆಪ್ನಿಗೂ ಒಂದೇ ಅಳತೆಯ ಟೈರು.

ಮರುವರ್ಷ ಮಿಲಾನಿನ ಇನೊಸೆಂಟಿ ಕಾರ್ಖಾನೆ ಲ್ಯಾಂಬ್ರೆಟಾ ತಂದಿತು. ಅದರ ಒಳಗಿರುವುದು ಕೊಳವೆಯ ಚೌಕಟ್ಟು. 1958ರ ಲಿ ಮಾದರಿಯಿಂದ ಮುಂದೆ ಎಂಜಿನ್ ಮಧ್ಯದಲ್ಲಿ ಅಡ್ಡಡ್ಡ ಮಲಗಿದೆ, ಚಕ್ರ ತಿರುಗಿಸುವ ಚೈನು ಎಣ್ಣೆಯಲ್ಲಿ ಮುಳುಗಿದೆ. ತೂಕ ಮಧ್ಯದಲ್ಲಿರುವುದರಿಂದ ಗಾಡಿ ನೆಟ್ಟಗೆ ಓಡುತ್ತದೆ. ತುಕ್ಕಿನ ನಾಡಿನಲ್ಲಿ ಈ ವ್ಯತ್ಯಾಸಕ್ಕೆ ಬೇರೆಯದೇ ಮಹತ್ವವಿದೆ: ಲ್ಯಾಂಬ್ರೆಟಾದ ತಗಡು ತೂತಾದರೆ ಆ ಭಾಗ ಬಿಚ್ಚಿ ಬೇರೆ ಹಾಕಬಹುದು, ಚೌಕಟ್ಟಿಗೆ ಧಕ್ಕೆಯಿಲ್ಲ. ವೆಸ್ಪಾದ ತಳ ತೂತಾದರೆ ಬೆನ್ನೆಲುಬೇ ಸಡಿಲವಾದ ಹಾಗೆ.

ಯುದ್ಧೋತ್ತರ ಇಟಲಿಯ ಸ್ಥಿತಿಗೂ ಸ್ವಾತಂತ್ರ್ಯೋತ್ತರ ಭಾರತದ ಸ್ಥಿತಿಗೂ ಇದ್ದ ಹೋಲಿಕೆಯಿಂದಲೇ ಈ ಗಾಡಿಗಳು ಇಲ್ಲಿ ಬೇರೂರಿದವು. 1950ರ ದಶಕದಲ್ಲಿ ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ, ಅಂದರೆ ಎಪಿಐ, ಲ್ಯಾಂಬ್ರೆಟಾ ಜೋಡಿಸತೊಡಗಿತು. 1960ರ ಸುಮಾರಿಗೆ ಬಜಾಜ್ ಕಂಪನಿ ಪಿಯಾಜಿಯೊದ ಪರವಾನಗಿಯಲ್ಲಿ ವೆಸ್ಪಾ ತಯಾರಿಕೆಗೆ ಇಳಿಯಿತು. ಆ ಒಪ್ಪಂದ 1971ರಲ್ಲಿ ಮುಗಿದಾಗ ಹೆಸರು ಹೋಯಿತು, ಯಂತ್ರ ಉಳಿಯಿತು. 1972ರಲ್ಲಿ ಚೇತಕ್ ಬಂತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಕಾಲ ಅದು. ಸ್ಕೂಟರ್ ಕೈಗೆ ಬರುವ ಹೊತ್ತಿಗೆ ಬುಕ್ ಮಾಡಿದವನ ಮಗ ಓಡಿಸುವ ವಯಸ್ಸಿಗೆ ಬಂದಿರುತ್ತಿದ್ದ ಎಂಬ ತಮಾಷೆಯಲ್ಲಿ ಉತ್ಪ್ರೇಕ್ಷೆ ಅಷ್ಟೇನಿರಲಿಲ್ಲ. ಲ್ಯಾಂಬ್ರೆಟಾದ ಕತೆ ಇನ್ನೂ ವಿಚಿತ್ರ. 1971ರಲ್ಲಿ ಇನೊಸೆಂಟಿ ಸ್ಕೂಟರ್ ತಯಾರಿಕೆ ನಿಲ್ಲಿಸಿತು. ಅದರ ಅಚ್ಚುಗಳನ್ನೂ ಯಂತ್ರಗಳನ್ನೂ ಹಕ್ಕುಗಳನ್ನೂ ಭಾರತ ಸರ್ಕಾರದ ಸ್ಕೂಟರ್ಸ್ ಇಂಡಿಯಾ ಕೊಂಡು ಲಕ್ನೋಗೆ ತಂದಿತು. 1975ರಿಂದ 1997ರವರೆಗೆ ಅಲ್ಲಿ ತಯಾರಾದದ್ದೇ ವಿಜಯ್ ಸೂಪರ್. ವಿದೇಶಕ್ಕೆ ಹೋದಾಗ ಅದರ ಹೆಸರು ಲ್ಯಾಂಬ್ರೆಟಾ ಜಿಪಿ. ಹೀಗೆ ತವರಿನಲ್ಲಿ ನಿಂತ ಗಾಡಿಗೆ ಕಾಲು ಶತಮಾನ ಬಿಡಿಭಾಗ ಒದಗಿಸಿದ್ದು ಭಾರತ. ಇಂಗ್ಲೆಂಡಿನ, ಇಟಲಿಯ ಲ್ಯಾಂಬ್ರೆಟಾ ಪ್ರಿಯರು ಇಂದಿಗೂ ಭಾರತದ ಬಿಡಿಭಾಗ ಹುಡುಕುವುದಕ್ಕೆ ಇದೇ ಕಾರಣ. ಈ ಗಾಡಿಯನ್ನು ಪರದೇಶದ ಅಪರೂಪದ ವಸ್ತುವೆಂದು ಕಾಣುವುದು ಇತಿಹಾಸಕ್ಕೆ ಸರಿಹೊಂದುವುದಿಲ್ಲ. ಹುಟ್ಟಿದ್ದು ಇಟಲಿಯಲ್ಲಿ, ದುಡಿದದ್ದು ಇಲ್ಲಿ.

ದುಡಿಮೆಯ ಗಾಡಿಯಾದ್ದರಿಂದಲೇ ಆರೈಕೆಯ ಕ್ರಮ ಸರಳ. ಅದರಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಅದನ್ನು ಆಡಿಸುವ ಕ್ಯಾಮ್ ಇಲ್ಲ, ಎಣ್ಣೆಯ ಪಂಪ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವ ಎಲ್ಲ ಜಿಡ್ಡು. ವೆಸ್ಪಾ ವಂಶದ 1950ರ ದಶಕದ ಗಾಡಿಗಳಿಗೆ ಲೀಟರಿಗೆ 50 ಮಿ.ಲೀ. ಎಣ್ಣೆ ಬೇಕಿತ್ತು, ನಂತರದ ಚೇತಕ್‌ಗಳಿಗೆ 20 ಮಿ.ಲೀ. ಸಾಕು, ಲ್ಯಾಂಬ್ರೆಟಾ ಲಿ ಮಾದರಿಯ ಪ್ರಮಾಣ ಇವೆರಡರ ನಡುವಿನದು. ಹೆಚ್ಚು ಹಾಕಿದರೆ ಒಳ್ಳೆಯದೆಂಬ ನಂಬಿಕೆ ಪೆಟ್ರೋಲ್ ಬಂಕಿನಲ್ಲಿ ಹುಟ್ಟಿ ಸೈಲೆನ್ಸರಿನಲ್ಲಿ ಕೊನೆಗಾಣುತ್ತದೆ. ಸುಡದ ಎಣ್ಣೆ ಕಾರ್ಬನ್ ಆಗಿ ಸಿಲಿಂಡರಿನ ತಲೆಗೂ ಹೊಗೆಯ ಬಾಯಿಗೂ ಕಟ್ಟಿಕೊಂಡು ಗಾಡಿ ಏರು ಹತ್ತದಾಗುತ್ತದೆ. ಹೆಡ್ ಬಿಚ್ಚಿ ಕಾರ್ಬನ್ ಕೆರೆದರೆ ಕಳೆದುಹೋದ ಶಕ್ತಿ ಮರಳುತ್ತದೆ. ಅರ್ಧ ದಿನದ ಕೆಲಸ, ಸ್ಪ್ಯಾನರು ಮತ್ತು ಮರದ ಚಕ್ಕೆಯಷ್ಟೇ ಹತಾರ.

ಕಿಡಿಯ ವಿಷಯದಲ್ಲಿ ಮಳೆನಾಡಿಗೆ ಹೆಚ್ಚು ಎಚ್ಚರ ಬೇಕು. ಮ್ಯಾಗ್ನೆಟ್ಟಿನ ಹಿಂದೆ ಕುಳಿತು ಕಿಡಿಯ ಹೊತ್ತು ನಿಗದಿಮಾಡುವ ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ತೇವ ಸೇರಿದರೆ, ತುದಿ ಸುಟ್ಟರೆ, ಕಂಡೆನ್ಸರ್ ಸೋತರೆ ಬೆಳಗಿನ ಮೊದಲ ಕಿಕ್ಕಿಗೆ ಉತ್ತರ ಬರುವುದಿಲ್ಲ. ಪಾಯಿಂಟನ್ನು ತೆಗೆದುಹಾಕಿ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆಯಾದ ಸಿಡಿಐ ಜೋಡಿಸಬೇಕೇ ಎಂಬುದು ಹಳೆಯ ಗಾಡಿಯವರ ನಡುವೆ ಮುಗಿಯದ ವಾದ. ಮೂಲರೂಪದವರ ವಾದಕ್ಕೆ ಒಂದು ಗಟ್ಟಿ ನೆಲೆಯಿದೆ: ಪಾಯಿಂಟ್ ಕೈಕೊಟ್ಟರೆ ಬೆಂಕಿಪೆಟ್ಟಿಗೆಯ ಬದಿಯಿಂದ ಉಜ್ಜಿಯಾದರೂ ಮನೆ ಮುಟ್ಟಬಹುದು, ಸಿಡಿಐ ಸತ್ತರೆ ಟೆಂಪೊ ಕರೆಸಬೇಕು. ಆದರೆ ಸಿಡಿಐ ಸಾಯುವುದು ಅಪರೂಪ, ಪಾಯಿಂಟ್ ಕೆಡುವುದು ಪ್ರತಿ ಮಳೆಗಾಲ. ಗಣೇಶಗುಡಿಯಲ್ಲಿ ವರ್ಷವಿಡೀ ಓಡಿಸುವ ಗಾಡಿಗೆ ಸಿಡಿಐಯೇ ಸರಿ. ತೆಗೆದ ಹಳೆಯ ಕಾಯಿಲ್ ಪ್ಲೇಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮೂಲರೂಪಕ್ಕೂ ಅನ್ಯಾಯವಿಲ್ಲ. ಪ್ಲಗ್ಗಿನ ಮಟ್ಟಿಗೆ ಕರ್ನಾಟಕದವರು ಹೆಮ್ಮೆಪಡಬಹುದು: 1951ರಲ್ಲಿ ಶುರುವಾದ ಮೈಕೊ ಕಂಪನಿಯ ಬೆಂಗಳೂರು ಕಾರ್ಖಾನೆಯ ಪ್ಲಗ್ಗು ದೇಶದ ಸ್ಕೂಟರಿಗರ ಡಿಕ್ಕಿಯಲ್ಲಿ ದಶಕಗಟ್ಟಲೆ ಬಿಡಿಯಾಗಿ ಇದ್ದೇ ಇರುತ್ತಿತ್ತು.

ತುಕ್ಕಿನೊಂದಿಗಿನ ಹೋರಾಟದಲ್ಲಿ ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಕಾಣದ ಒಳಬದಿ ಮುಖ್ಯ. ಕಾಲಿಡುವ ತಳದ ಕೆಳಗಿನ ಪೊಳ್ಳಿನಲ್ಲಿ, ಬ್ರೇಕ್ ಪೆಡಲಿನ ತೂತಿನ ಸುತ್ತ, ಸ್ಟ್ಯಾಂಡಿನ ಬೋಲ್ಟುಗಳ ಬಳಿ, ರಬ್ಬರ್ ಪಟ್ಟಿಯ ಅಡಿಯಲ್ಲಿ ನೀರು ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ತಳದ ಪಟ್ಟಿ ಬಿಚ್ಚಿ ಒಣಗಿಸಿ, ಪೊಳ್ಳಿಗೆ ಎಣ್ಣೆ ಸಿಂಪಡಿಸಿದ ಗಾಡಿಗೂ ಹಾಗೆಯೇ ಬಿಟ್ಟ ಗಾಡಿಗೂ ಹತ್ತು ವರ್ಷದಲ್ಲಿ ಅಜಗಜಾಂತರ. ಪ್ಲಾಸ್ಟಿಕ್ ಹೊದಿಕೆ ಹಾಕಿ ಬಿಗಿದು ಕಟ್ಟುವುದು ಇಲ್ಲಿ ಉಪಕಾರಕ್ಕಿಂತ ಅಪಕಾರ. ತೇವ ಒಳಗೇ ಉಳಿದು ಬೆವರುತ್ತದೆ. ಕ್ಲಚ್, ಗೇರ್, ಬ್ರೇಕ್, ಆಕ್ಸಿಲೇಟರ್ ವೈರುಗಳೆಲ್ಲ ಉಕ್ಕಿನ ಎಳೆಗಳಾದ್ದರಿಂದ ವರ್ಷಕ್ಕೊಮ್ಮೆ ಎಣ್ಣೆ ಇಳಿಸಬೇಕು, ಅಂಚಿನಲ್ಲಿ ಒಂದು ಎಳೆ ಹರಿದದ್ದು ಕಂಡರೂ ಬದಲಿಸಬೇಕು. ಡಿಕ್ಕಿಯಲ್ಲಿ ಬಿಡಿ ಕ್ಲಚ್ ವೈರ್ ಇಲ್ಲದೆ ಅಣಶಿಯ ಕಡೆ ಹೊರಡುವುದು ಜಾಣತನವಲ್ಲ. ಮೊಬೈಲಿಗೆ ಸಿಗ್ನಲ್ ಸಿಗದ ಮೈಲುಗಟ್ಟಲೆ ಕಾಡು ಅದು.

ಗಾಡಿ ನಿಂತಾಗ ಏನಾಗುತ್ತದೆ ಎಂಬುದನ್ನು ಕ್ರ್ಯಾಂಕಿನ ಆಯಿಲ್ ಸೀಲು ಚೆನ್ನಾಗಿ ತೋರಿಸುತ್ತದೆ. ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರಿನ ತುಟಿಯಿರುವ ಸೀಲುಗಳಿವೆ. ಎರಡು ಸ್ಟ್ರೋಕಿನ ಎಂಜಿನ್ ಉಸಿರೆಳೆಯುವುದೇ ಕ್ರ್ಯಾಂಕಿನ ಕೋಣೆಯ ಮೂಲಕ. ಆ ಕೋಣೆ ಗಾಳಿ ಬಿಗಿಯಾಗಿರಲೇಬೇಕು. ಓಡುವ ಗಾಡಿಯಲ್ಲಿ ಎಣ್ಣೆ ತಾಗುತ್ತ ತುಟಿ ಮೆತ್ತಗಿರುತ್ತದೆ. ತಿಂಗಳುಗಟ್ಟಲೆ ನಿಂತರೆ ಒಣಗಿ ಗಟ್ಟಿಯಾಗುತ್ತದೆ. ಕ್ಲಚ್ ಬದಿಯ ಸೀಲು ಸೋತರೆ ಗೇರ್ ಎಣ್ಣೆ ಒಳಗೆ ಎಳೆದುಕೊಂಡು ಬಿಳಿ ಹೊಗೆ ಏಳುತ್ತದೆ. ಮ್ಯಾಗ್ನೆಟ್ ಬದಿಯದು ಸೋತರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಹೊಗೆ ಕಾಣದು, ಒಂದು ದಿನ ಏರಿನಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಷೆಡ್ಡಿನಲ್ಲಿ ಹೊಳೆಯುತ್ತ ನಿಂತ ಗಾಡಿ ಮೇಳಕ್ಕೆಂದು ಹೊರಟ ದಿನವೇ ಕೈಕೊಡುವುದರ ಹಿಂದೆ ಬಹಳ ಸಲ ಇರುವುದು ಕೆಲವೇ ರೂಪಾಯಿಯ ಈ ರಬ್ಬರು.

ಪೆಟ್ರೋಲ್ ಬದಲಾದ ಮೇಲೆ ನಿಲ್ಲಿಸುವುದು ಇನ್ನೂ ಅಪಾಯದ್ದಾಗಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಕಬ್ಬಿನ ರೈತನ ದೃಷ್ಟಿಯಿಂದ, ವಿದೇಶಿ ವಿನಿಮಯದ ದೃಷ್ಟಿಯಿಂದ ಇದರ ಪರವಾದ ಮಾತುಗಳು ಹಗುರವಲ್ಲ. ನೆರೆಯ ಹಳಿಯಾಳವೇ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಯ ತಾಲೂಕು. ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಿತಿ ದಾಟಿದಾಗ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಕಾಕಿನ ಬಾಯಿ ಇರುವುದು ತಳದಲ್ಲೇ. ಮಳೆಗಾಲದ ಗಣೇಶಗುಡಿಯಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಎರಡು ತಿಂಗಳು ನಿಲ್ಲಿಸಿಟ್ಟರೆ ಕಾರ್ಬೊರೇಟರಿಗೆ ಮೊದಲು ಇಳಿಯುವುದು ಆ ನೀರೇ ಆಗಬಹುದು. ಹಳೆಯ ರಬ್ಬರ್ ಪೈಪು, ಕಾಕಿನ ವಾಷರು, ಕಾರ್ಬೊರೇಟರಿನ ಗ್ಯಾಸ್ಕೆಟ್ಟು ಎಥೆನಾಲಿಗೆ ಉಬ್ಬಿ ಮೆದುವಾಗುತ್ತವೆ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವಂಥದ್ದಲ್ಲ. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಕಾರ್ಬೊರೇಟರಿನಲ್ಲಿ ಇಂಧನದ ಅಳತೆ ಕಾಯುವ ಅದೇ ಜೆಟ್ಟಿನಲ್ಲಿ ಹರಿದ ಇಂಧನ ಗಾಳಿಗೆ ಹೋಲಿಸಿದರೆ ಕಡಿಮೆಯಾಗುತ್ತದೆ, ಸಿಲಿಂಡರ್ ಹೆಚ್ಚು ಕಾಯುತ್ತದೆ. ಆಧುನಿಕ ಗಾಡಿಯ ಸೆನ್ಸರು ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಡೆಲೊರ್ಟೊ ಪರವಾನಗಿಯಲ್ಲಿ ಇಲ್ಲೇ ತಯಾರಾದ ಸ್ಪಾಕೊ ಕಾರ್ಬೊರೇಟರಿಗೆ ಆ ವಿವೇಕವಿಲ್ಲ, ಅದಕ್ಕೆ ಮನುಷ್ಯನ ಕೈ ಬೇಕು. ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿ, ಏರು ಹತ್ತಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು: ಕಾಫಿಪುಡಿಯ ಕಂದು ಇದ್ದರೆ ಸರಿ, ಬೂದುಬಿಳುಪಾದರೆ ಇನ್ನೂ ದೊಡ್ಡ ಜೆಟ್, ಮಸಿಯಂತಿದ್ದರೆ ಚಿಕ್ಕದು. ಎಥೆನಾಲ್ ಬಂತೆಂದು ಹಳೆಯ ಗಾಡಿಗಳ ಯುಗ ಮುಗಿಯಿತು ಎನ್ನುವವರೂ, ಏನೂ ಆಗುವುದಿಲ್ಲ ಎನ್ನುವವರೂ ಈ ಜೆಟ್ಟಿನ ಲೆಕ್ಕವನ್ನು ಮರೆತಿರುತ್ತಾರೆ. ಸೀಲು, ಪೈಪು, ಜೆಟ್ಟು ಬದಲಿಸಿ, ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ಹಾಕಿಸಿ ಓಡಿಸಿದರೆ ಗಾಡಿ ಹೊಸ ಇಂಧನಕ್ಕೆ ಹೊಂದಿಕೊಳ್ಳುತ್ತದೆ. ನಿಲ್ಲಿಸಿಟ್ಟರೆ ಹೊಂದಿಕೊಳ್ಳುವುದಿಲ್ಲ.

ಓಡಿಸುವ ರೀತಿಯೂ ಆರೈಕೆಯ ಭಾಗವೇ, ಘಟ್ಟದಲ್ಲಂತೂ ಅದೇ ಮುಖ್ಯ ಭಾಗ. ಏರಿನಲ್ಲಿ ಭಯಪಡಬೇಕಾದ್ದು ಬಿಸಿಗೆ. ಮೋಟರ್‌ಸೈಕಲ್ಲಿನ ಎಂಜಿನ್ ಎದುರುಗಾಳಿಗೆ ತಣ್ಣಗಾಗುತ್ತದೆ. ಸ್ಕೂಟರಿನದು ತಗಡಿನೊಳಗೆ ಮುಚ್ಚಿಕೊಂಡಿರುವುದರಿಂದ ಮ್ಯಾಗ್ನೆಟ್ಟಿನ ಮೇಲಿನ ಫ್ಯಾನೇ ಗಾಳಿ ಊದಬೇಕು. ಫ್ಯಾನ್ ತಿರುಗುವುದು ಎಂಜಿನ್ನಿನ ವೇಗಕ್ಕೆ. ಮೇಲಿನ ಗೇರಿನಲ್ಲಿ ಗಾಡಿಯನ್ನು ಏದುಸಿರು ಬಿಡಿಸುತ್ತ ಹತ್ತಿಸಿದರೆ ಬಿಸಿ ಹೆಚ್ಚು, ಗಾಳಿ ಕಡಿಮೆ. ಬೇಗ ಗೇರ್ ಇಳಿಸಿ ಎಂಜಿನ್ನನ್ನು ಹಗುರವಾಗಿ ತಿರುಗಲು ಬಿಡುವವರ ಸಿಲಿಂಡರ್ ಬಾಳುತ್ತದೆ. ಸಿಲಿಂಡರಿನ ಮೇಲಿನ ಹೊದಿಕೆಯನ್ನು ಶಬ್ದ ಮಾಡುತ್ತದೆಂದು ಬಿಚ್ಚಿಟ್ಟು ಓಡಿಸುವವರಿದ್ದಾರೆ. ಗಾಳಿಯ ದಾರಿಯನ್ನೇ ಕಿತ್ತುಹಾಕಿದಂತೆ ಅದು.

ಇಳಿಜಾರಿನ ಸೂಕ್ಷ್ಮ ಇನ್ನೂ ಕಡಿಮೆ ಜನರಿಗೆ ಗೊತ್ತು. ಅಣಶಿಯಿಂದ ಕದ್ರಾದ ಕಡೆಗೆ ತಿರುವಿನ ಮೇಲೆ ತಿರುವಾಗಿ ಇಳಿಯುವಾಗ ಆಕ್ಸಿಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಡುವುದು ನಾಲ್ಕು ಸ್ಟ್ರೋಕಿನ ಗಾಡಿಗೆ ಸರಿಯಾದ ಕ್ರಮ. ಎರಡು ಸ್ಟ್ರೋಕಿನಲ್ಲಿ ಆಕ್ಸಿಲೇಟರ್ ಮುಚ್ಚಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಲ್ಲುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಪಿಸ್ಟನ್ನಿಗೆ ಜಿಡ್ಡಿಲ್ಲ. ಆಗಾಗ ಕ್ಲಚ್ ಹಿಡಿದು ಕೈಯನ್ನು ಒಮ್ಮೆ ತಿರುಗಿಸಿ ಒಂದು ಗುಟುಕು ಕೊಡುವುದು ಹಳಬರ ರೂಢಿ. ಚಟದಂತೆ ಕಂಡರೂ ಅದರ ಹಿಂದೆ ಇರುವುದು ಇದೇ ಕಾರಣ. ಎಂಜಿನ್ ಹಿಡಿತ ಕಡಿಮೆಯಾದ್ದರಿಂದ ಬ್ರೇಕಿನ ಮೇಲೆ ಹೊರೆ ಬೀಳುತ್ತದೆ, ಅದೂ ಡ್ರಮ್ ಬ್ರೇಕು. ಕಾದರೆ ಸೋಲುತ್ತದೆ, ನೀರು ಹೊಕ್ಕರೆ ಜಾರುತ್ತದೆ. ಸಣ್ಣ ಚಕ್ರ ಗುಂಡಿಯಲ್ಲಿ ಪೂರ್ತಿ ಇಳಿಯುತ್ತದೆ. ವೆಸ್ಪಾ ವಂಶದ ಗಾಡಿಯಲ್ಲಿ ಎಂಜಿನ್ನಿನ ತೂಕ ಬಲಕ್ಕಿರುವುದರಿಂದ ಎಲೆ ಉದುರಿ ಪಾಚಿಗಟ್ಟಿದ ರಸ್ತೆಯಲ್ಲಿ ಹಿಂದಿನ ಬ್ರೇಕ್ ಗಟ್ಟಿ ಒತ್ತಿದರೆ ಬಾಲ ಪಕ್ಕಕ್ಕೆ ಎಳೆಯುತ್ತದೆ. ಇವೆಲ್ಲ ಗೊತ್ತಿದ್ದವನಿಗೆ ಏಳೆಂಟು ಅಶ್ವಶಕ್ತಿಯ ಈ ಗಾಡಿ ಗಂಟೆಗೆ ನಲವತ್ತರ ವೇಗದಲ್ಲಿ ಕಾಡು ದಾಟಿಸುತ್ತದೆ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದಕ್ಕಿಂತ ವೇಗ ಯಾವ ಗಾಡಿಗೂ ಬೇಕಿಲ್ಲ.

ಇಷ್ಟೆಲ್ಲ ತಿಳಿವಳಿಕೆ ಪುಸ್ತಕದಲ್ಲಿ ಇಲ್ಲವೆಂದಲ್ಲ, ಆದರೆ ಅದು ಬದುಕಿರುವುದು ಗ್ಯಾರೇಜುಗಳಲ್ಲಿ. ಗಣೇಶಗುಡಿಯವರಿಗೆ ದೊಡ್ಡ ಕೆಲಸಕ್ಕೆ ದಾಂಡೇಲಿ, ಸಿಲಿಂಡರ್ ಬೋರಿಂಗಿಗೋ ಲೇತ್ ಕೆಲಸಕ್ಕೋ ಧಾರವಾಡ, ಹುಬ್ಬಳ್ಳಿ, ಬೆಳಗಾವಿ. ಸವೆದ ಸಿಲಿಂಡರನ್ನು ಕೊರೆದು ಓವರ್‌ಸೈಜ್ ಪಿಸ್ಟನ್ ಕೂರಿಸುವುದು, ಗೇರ್ ಜಾರಿದರೆ ಒಳಗಿನ ಸವೆದ ಕ್ರಾಸ್ ಬದಲಿಸುವುದು, ಕ್ರ್ಯಾಂಕನ್ನು ಒತ್ತಿ ಬಿಚ್ಚಿ ಹೊಸ ಕನೆಕ್ಟಿಂಗ್ ರಾಡ್ ಕೂಡಿಸಿ ಮತ್ತೆ ನೇರ ಮಾಡುವುದು, ಇವು ನೋಡಿ ಕಲಿಯಬೇಕಾದ ಕೆಲಸಗಳು. ಕಿವಿಯಿಂದ ಟೈಮಿಂಗ್ ಹೇಳಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಅವರ ಕೈಕೆಳಗೆ ಸ್ಪ್ಯಾನರ್ ಕೊಡುವ ಹುಡುಗರು ಇಂಜೆಕ್ಷನ್ ಗಾಡಿಗಳ ಕಡೆ ಹೋಗುತ್ತಿದ್ದಾರೆ, ಹೋಗಬೇಕಾದದ್ದೂ ಸಹಜ. ಲಕ್ನೋದ ಕಾರ್ಖಾನೆ ಸ್ಕೂಟರ್ ನಿಲ್ಲಿಸಿ ಕಾಲು ಶತಮಾನ ದಾಟಿದರೂ ಬಿಡಿಭಾಗಕ್ಕೆ ಇನ್ನೂ ತೀರಾ ಬರ ಬಂದಿಲ್ಲ. ಬರ ಬರುತ್ತಿರುವುದು ಜೋಡಿಸುವವರಿಗೆ. ತಿಂಗಳಿಗೆ ನಾಲ್ಕಾರು ಹಳೆಯ ಗಾಡಿಗಳಾದರೂ ರಿಪೇರಿಗೆ ಬಂದರೆ ಮಾತ್ರ ಒಬ್ಬ ಮೇಸ್ತ್ರಿ ಆ ವಿದ್ಯೆಯನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಾನೆ. ನಿಂತ ಗಾಡಿಗಳು ರಿಪೇರಿಗೆ ಬರುವುದಿಲ್ಲ.

ಹೊಳಪಿನ ಮೋಹ ಇಲ್ಲಿ ಇನ್ನೊಂದು ಕೇಡನ್ನೂ ಮಾಡುತ್ತದೆ. ಹಳೆಯ ಸ್ಕೂಟರಿಗೆ ಮಾರುಕಟ್ಟೆ ಬಂದಮೇಲೆ ತೂತು ಬಿದ್ದ ತಳಕ್ಕೆ ಪುಟ್ಟಿ ಮೆತ್ತಿ, ಎರಡು ಗಾಡಿಯ ಅರ್ಧರ್ಧ ಬೆಸೆದು, ಎರಡು ಬಣ್ಣ ಹೊಡೆದು ಮಾರುವ ವಹಿವಾಟು ಬೆಳೆಯಿತು. ವಿಯೆಟ್ನಾಮಿನಿಂದ, ಭಾರತದಿಂದ ಯುರೋಪಿಗೆ ಹೋದ ಇಂಥ ಗಾಡಿಗಳು ಅಲ್ಲಿ ಕೆಟ್ಟ ಹೆಸರು ಪಡೆದವು. ಪುಟ್ಟಿಯ ಕೆಳಗೆ ತುಕ್ಕು ಸದ್ದಿಲ್ಲದೆ ತಿನ್ನುತ್ತದೆ. ಬಣ್ಣ ಮಾಸಿದ, ತಳ ಗಟ್ಟಿಯಾದ ಗಾಡಿಗೆ ಕಡಿಮೆ ಬೆಲೆ, ಬಣ್ಣ ಹೊಳೆಯುವ, ತಳ ಟೊಳ್ಳಾದ ಗಾಡಿಗೆ ಹೆಚ್ಚು ಬೆಲೆ ಸಿಗುವವರೆಗೆ ಪರಂಪರೆಯ ಮಾತು ವ್ಯಾಪಾರದ ಮಾತಷ್ಟೇ. ಧರ್ಮಸ್ಥಳದ ವಾಹನ ಸಂಗ್ರಹದಂಥ ಕಡೆ ಅಪರೂಪದ ಗಾಡಿಗಳನ್ನು ಒಟ್ಟಿಗೆ ನೋಡುವುದು ಬೇರೆ ವಿಷಯ. ಒಂದೇ ಒಂದು ಉಳಿದಿರುವ ವಾಹನಕ್ಕೆ ಸಂಗ್ರಹಾಲಯ ಸರಿಯಾದ ಜಾಗ. ಲಕ್ಷಗಟ್ಟಲೆ ತಯಾರಾದ ಚೇತಕ್‌ಗೆ ಸರಿಯಾದ ಜಾಗ ರಸ್ತೆ.

ರಸ್ತೆ ಎಂದೊಡನೆ ಹೊಗೆಯ ಪ್ರಶ್ನೆ ಬರುತ್ತದೆ, ಬರಲೇಬೇಕು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವಾಗಲೇ ಹೊಗೆಯ ಬಾಯಿಯೂ ತೆರೆದಿರುವುದರಿಂದ ಕಾಲುಭಾಗದಷ್ಟು ಪೆಟ್ರೋಲ್ ಸುಡದೆ ಹೊರಹೋಗುವುದುಂಟು. ಅದರ ಜೊತೆ ಅರೆಬೆಂದ ಎಣ್ಣೆಯ ನೀಲಿ ಹೊಗೆ ಬೇರೆ. 1996 ಮತ್ತು 2000ರಲ್ಲಿ ಬಂದ ಮಾಲಿನ್ಯ ಮಿತಿಗಳು ಈ ಎಂಜಿನ್ನುಗಳನ್ನು ಪೇಟೆಯಿಂದ ಹೊರಹಾಕಿದ್ದು ನ್ಯಾಯವಾಗಿಯೇ. ಹಳೆಯ ಗಾಡಿಯನ್ನು ಪ್ರೀತಿಸುವವರು ಇದನ್ನು ಮುಚ್ಚಿಟ್ಟು ಮಾತಾಡಿದರೆ ಅವರ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಕಾಳಿಯ ಕಾಡಿನಲ್ಲಿ ನೂರು ಸ್ಕೂಟರುಗಳ ಮೆರವಣಿಗೆ ಯಾವ ಪರಂಪರೆಯ ಹೆಸರಿನಲ್ಲೂ ಸಮರ್ಥನೀಯವಲ್ಲ. ಆದರೆ ಹೊಗೆಯ ಒಟ್ಟು ಲೆಕ್ಕ ಗಾಡಿ ಎಷ್ಟು, ಎಷ್ಟು ದೂರ, ಯಾವ ಸ್ಥಿತಿಯಲ್ಲಿ ಎಂಬುದರ ಗುಣಾಕಾರ. ವಾರಕ್ಕೊಮ್ಮೆ ದಾಂಡೇಲಿಯ ಸಂತೆಗೆ ಹೋಗಿಬರುವ, ಸೀಲು ಬಿಗಿಯಾದ, ಎಣ್ಣೆಯ ಅಳತೆ ತಪ್ಪದ ಒಂದು ಸ್ಕೂಟರು ಸೇರಿಸುವುದು ಸ್ವಲ್ಪವೇ. ದಿನಕ್ಕೆ ಹತ್ತು ಟ್ರಿಪ್ ಹೊಡೆಯುವ ಕೆಟ್ಟ ಡೀಸೆಲ್ ಗಾಡಿಯೊಂದಿಗೆ ಅದನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು. ವಯಸ್ಸಿಗಿಂತ ಸ್ಥಿತಿಯನ್ನೂ ಬಳಕೆಯನ್ನೂ ಅಳೆಯುವುದು ನ್ಯಾಯ.

ಕಾನೂನು ಈ ಕಡೆ ಒಂದು ಹೆಜ್ಜೆ ಇಟ್ಟು ಅರ್ಧದಲ್ಲಿ ನಿಂತಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ₹20,000, ಮರುನೋಂದಣಿಗೆ ₹5,000. ಅವಧಿ ಹತ್ತು ವರ್ಷ. ಫಲಕದಲ್ಲಿ ‘ವಿಎ’ ಅಕ್ಷರಗಳು. ಮೊದಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು, ಅಂದರೆ ಮೈಸೂರು ರಾಜ್ಯದ ಕಾಲದ ‘ಎಂವೈ’ ಫಲಕ ಹಾಗೆಯೇ ಇರುತ್ತದೆ. ಇದು ಒಳ್ಳೆಯದು. ಆದರೆ ಇಂಥ ಗಾಡಿಯನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಬಳಕೆ ಇಲ್ಲ. ವಿಂಟೇಜ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವಿದು ಎಂಬುದು ಸ್ಪಷ್ಟ. ₹20,000 ರೋಲ್ಸ್ ರಾಯ್ಸ್ ಒಡೆಯನಿಗೆ ಲೆಕ್ಕಕ್ಕಿಲ್ಲ. ಹಳೆಯ ಲ್ಯಾಂಬ್ರೆಟಾ ಇಟ್ಟುಕೊಂಡ ನಿವೃತ್ತ ನೌಕರನಿಗೆ ಅದು ಗಾಡಿಯ ಬೆಲೆಯ ದೊಡ್ಡ ಪಾಲು. ಗಣೇಶಗುಡಿಯಿಂದ ನೋಡಿದರೆ ರ‍್ಯಾಲಿ, ಪ್ರದರ್ಶನಗಳು ನಡೆಯುವುದು ಬೆಂಗಳೂರು, ಮೈಸೂರುಗಳಲ್ಲಿ. ಪ್ರದರ್ಶನಕ್ಕೆ ಹೋಗುವುದೆಂದರೆ ಲಾರಿಗೆ ಏರಿಸುವುದು ಎಂದೇ ಅರ್ಥ.

ಐವತ್ತು ತುಂಬದ ಚೇತಕ್, ವಿಜಯ್ ಸೂಪರ್, ಎಲ್‌ಎಂಎಲ್‌ಗಳಿಗೆ ಈ ದಾರಿಯೂ ಇಲ್ಲ. ಅವು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು, ಹಸಿರು ತೆರಿಗೆ ಕಟ್ಟಿ ಓಡಬೇಕು. 2022ರ ಏಪ್ರಿಲ್‌ನಿಂದ ದ್ವಿಚಕ್ರ ವಾಹನದ ನವೀಕರಣ ಶುಲ್ಕ ₹300ರಿಂದ ₹1,000ಕ್ಕೆ ಏರಿತು. ಶುಲ್ಕದ ಏರಿಕೆಯ ಹಿಂದಿನ ಉದ್ದೇಶ ಹಳೆಯದನ್ನು ಗುಜರಿಯ ಕಡೆ ತಳ್ಳುವುದು. ವಿಚಿತ್ರವೆಂದರೆ ಕಾನೂನಿನ ದೃಷ್ಟಿಯಲ್ಲಿ ನಲವತ್ತು ವರ್ಷದ ಸ್ಕೂಟರು ಹೊರೆ, ಐವತ್ತೊಂದು ವರ್ಷದ್ದು ಪರಂಪರೆ. ನಡುವಿನ ಹತ್ತು ವರ್ಷವನ್ನು ದಾಟಿಸುವವರು ಯಾರೆಂಬುದಕ್ಕೆ ನಿಯಮದಲ್ಲಿ ಉತ್ತರವಿಲ್ಲ.

ಇದಕ್ಕೆ ತೀರಾ ಕಷ್ಟದ ಪರಿಹಾರವೇನೂ ಬೇಕಿಲ್ಲ. ಮೂವತ್ತು ವರ್ಷ ದಾಟಿದ ಖಾಸಗಿ ದ್ವಿಚಕ್ರ ವಾಹನಗಳಿಗೆ ಬಳಕೆಯ ಉದ್ದೇಶವನ್ನು ಕೇಳುವ ಬದಲು ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂಬ ಮಿತಿ ಹಾಕಬಹುದು. ಮೀಟರ್ ನೋಡಿ ಬರೆದುಕೊಳ್ಳುವ ಕೆಲಸವನ್ನು ಹೊಗೆ ತಪಾಸಣೆಯ ಕೇಂದ್ರವೇ ಮಾಡಬಲ್ಲದು. ಸಿಡಿಐ, 12 ವೋಲ್ಟ್ ದೀಪ, ಎಥೆನಾಲ್ ತಾಳುವ ಸೀಲುಗಳಂಥ ಬದಲಾವಣೆಗಳನ್ನು ಮೂಲರೂಪಕ್ಕೆ ಭಂಗವೆಂದು ಎಣಿಸಬಾರದು. ಅವು ಸುರಕ್ಷತೆಯನ್ನೂ ಗಾಳಿಯನ್ನೂ ಒಟ್ಟಿಗೆ ಕಾಯುತ್ತವೆ. ಶುಲ್ಕವನ್ನು ವಾಹನದ ವಯಸ್ಸಿಗೆ ತಕ್ಕಂತೆ ಏರಿಸುವ ಬದಲು ತಪಾಸಣೆಯ ಫಲಿತಾಂಶಕ್ಕೆ ಜೋಡಿಸಿದರೆ ಚೆನ್ನಾಗಿ ನೋಡಿಕೊಂಡವನಿಗೆ ಲಾಭ, ಹೊಗೆಯುಗುಳಿಸುವವನಿಗೆ ದಂಡ. ಐಟಿಐಗಳ ಮೆಕ್ಯಾನಿಕ್ ತರಗತಿಗಳಲ್ಲಿ ಕಾರ್ಬೊರೇಟರು, ಪಾಯಿಂಟುಗಳನ್ನು ಬಿಚ್ಚಿ ಕೂಡಿಸುವ ಅಭ್ಯಾಸಕ್ಕೆ ಕೆಲವು ವಾರವಾದರೂ ಉಳಿಸಿಕೊಳ್ಳುವುದು, ಹಳೆಯ ಮೇಸ್ತ್ರಿಗಳನ್ನು ಆ ವಾರಗಳಿಗೆ ಕರೆಸುವುದು ಇನ್ನೊಂದು ದಾರಿ. ಎಂಜಿನ್ ಉಸಿರಾಡುವುದು ಹೇಗೆಂದು ಕಲಿಯಲು ಮುಚ್ಚಿದ ಪೆಟ್ಟಿಗೆಯಂಥ ಇಂಜೆಕ್ಷನ್ ಘಟಕಕ್ಕಿಂತ ಸ್ಪಾಕೊ ಕಾರ್ಬೊರೇಟರು ಹುಡುಗರಿಗೆ ಬೇಗ ಅರ್ಥವಾಗುತ್ತದೆ. ಈ ಪೈಕಿ ಮೊದಲ ಮೂರಕ್ಕೆ ಕೇಂದ್ರದ ನಿಯಮ ತಿದ್ದಬೇಕು. ಐಟಿಐಯ ಕೆಲಸವನ್ನು ಹೆಚ್ಚುವರಿ ಅಭ್ಯಾಸವಾಗಿ ರಾಜ್ಯ ತಾನೇ ಶುರುಮಾಡಬಹುದು.